ಕಿವಿಯಿಂದ ಆಟ ನೋಡುತ್ತಿದ್ದ ಸೌಟಣ್ಣ

೨೦೦೭ನೆಯ ಇಸವಿ ನವೆಂಬರ್ ೧೭, ಶನಿವಾರ. ಶರದೃತು ಮುಗಿದು ಹೇಮಂತವು ಬಾಗಿಲಲ್ಲಿ ನಿಂತಿತ್ತು. ಬೆಳಗಿನ ಮಂಜು ಬಹಳ ಹೊತ್ತು ಬೀದಿ ಬಿಟ್ಟು ಕದಲದೆ, ಆಮೇಲೆ ಒಮ್ಮೆಗೇ ಹರಿದುಹೋಗಿ, ಮಧ್ಯಾಹ್ನದ ಮೇಲೆ ತಿಳಿಬಿಸಿಲೂ ಒಣ ಥಂಡಿಗಾಳಿಯೂ ಜೊತೆಜೊತೆಯಾಗಿ ಓಡಾಡತೊಡಗಿದ್ದವು. ಅಂದು ಸಂಜೆ ನಾಲ್ಕಕ್ಕೆ ಹಸಿರಂಗಿ ತಂಡಕ್ಕೂ ಬಿಳಿಯಂಗಿ ತಂಡಕ್ಕೂ ಫುಟ್‌ಬಾಲಿನ ಅಂತಿಮ ಪಂದ್ಯ. ಊರಿನಲ್ಲಿ ಅರ್ಧ ಜನ ಹಸಿರಿನ ಕಡೆ, ಅರ್ಧ ಜನ ಬಿಳಿಯ ಕಡೆ. ಮಾರುಕಟ್ಟೆ ಬೀದಿಯ ತುದಿಯಲ್ಲಿದ್ದ ಬಾರಿನ ಅಡುಗೆಯವನೊಬ್ಬ ಮಾತ್ರ ಯಾವ ಕಡೆಯೂ ಅಲ್ಲ. ಅವನು ತಟ್ಟೆಯ ಕಡೆ.

ಅವನನ್ನು ಎಲ್ಲರೂ ಸೌಟಣ್ಣ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಸೌಟಿಲ್ಲದೆ ಅವನನ್ನು ಕಂಡವರು ವಿರಳ. ಯಾರಾದರೂ ಕೈ ಕುಲುಕಲು ಬಂದರೆ ಅದನ್ನು ಕಂಕುಳಲ್ಲಿ ಇರುಕಿಕೊಳ್ಳುತ್ತಿದ್ದನೇ ಹೊರತು ಕೆಳಗಿಡುತ್ತಿರಲಿಲ್ಲ. ವಯಸ್ಸು ಐವತ್ತಾರು. ಮೈ ದುಂಡಗೆ, ಹುಬ್ಬು ಪೊದೆಯಂತೆ, ಕಿವಿಗಳು ಮಾತ್ರ ಮುಖಕ್ಕೆ ಮೀರಿದ ಅಳತೆಯವು. ೧೯೮೮ರ ಮಾರ್ಚ್ ೩, ಗುರುವಾರ, ಆ ಅಡುಗೆಮನೆಗೆ ಹಿಂಬಾಗಿಲಿನಿಂದ ಬಂದು ಸೇರಿದವನು ಅಂದಿನಿಂದಲೂ ಹಿಂಬಾಗಿಲಿನಿಂದಲೇ ಬಂದು ಹಿಂಬಾಗಿಲಿನಿಂದಲೇ ಹೋಗುತ್ತಿದ್ದ. ಅಡುಗೆಮನೆಗೂ ಹಜಾರಕ್ಕೂ ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ತೂಗುಬಾಗಿಲು. ಬಾಗಿಲಿನ ಆ ಕಡೆ ಹಾಸಿಗೆಯಗಲದ ಟೀವಿ, ಸಾಲು ಮೇಜು, ಪಂದ್ಯದ ದಿನ ನಿಲ್ಲಲೂ ಜಾಗವಿಲ್ಲದಷ್ಟು ಜನ. ಈ ಕಡೆ ಒಲೆ, ಬಾಣಲೆ, ಸೌಟಣ್ಣ. ಎಣ್ಣೆ ಕಾದಿರುವಾಗ ಒಲೆಯ ಮುಂದಿನಿಂದ ಕದಲಬಾರದೆಂಬ ಹಟದಿಂದಾಗಿ ಅವನು ಇಷ್ಟು ವರ್ಷಗಳಲ್ಲಿ ಒಂದೇ ಒಂದು ಪಂದ್ಯವನ್ನೂ ಕಣ್ಣಿನಿಂದ ನೋಡಿರಲಿಲ್ಲ. ಕಿವಿಯಿಂದ ನೋಡಿದ್ದ.

ಅದಕ್ಕೂ ಒಂದು ಶಾಸ್ತ್ರವನ್ನೇ ಕಟ್ಟಿಕೊಂಡಿದ್ದ. ಹಜಾರದಿಂದ ಉದ್ದನೆಯ ‘ಆ…’ ಹೊರಟು ಕೊನೆಗೆ ಕುಸಿದರೆ ಚೆಂಡು ಗುರಿ ತಪ್ಪಿದೆ ಎಂದರ್ಥ. ಜನ ಸ್ವಲ್ಪ ಹೊತ್ತು ತಲೆ ಕೆರೆದುಕೊಳ್ಳುತ್ತಾರೆ, ಅಷ್ಟರಲ್ಲಿ ಸೂಪು ಕಳಿಸಬಹುದು. ಮೇಜು ಗುದ್ದಿದ ಸದ್ದು ಬಂದರೆ ಗೋಲಾಗಿದೆ. ಆಗ ಏನನ್ನೂ ಕಳಿಸಬಾರದು, ತಬ್ಬಿಕೊಳ್ಳುವ ಭರದಲ್ಲಿ ತಟ್ಟೆ ಚೆಲ್ಲುತ್ತಾರೆ. ಕುರ್ಚಿಗಳು ಕಿರ್ರೆಂದರೆ ಮಧ್ಯಂತರ. ಎಲ್ಲಕ್ಕಿಂತ ಒಳ್ಳೆಯ ಗಳಿಗೆಯೆಂದರೆ, ಇಡೀ ಹಜಾರವೇ ಒಂದೇ ಕೊರಳಿನಿಂದ ರೆಫರಿಗೆ ಶಾಪ ಹಾಕುವುದು. ಆಗ ಆಟ ನಿಂತಿರುತ್ತದೆ, ಸಿಟ್ಟು ಬಂದವನಿಗೆ ಹಲ್ಲಿಗೆ ಏನಾದರೂ ಬೇಕಾಗಿರುತ್ತದೆ; ಆ ಕ್ಷಣಕ್ಕೆ ಸರಿಯಾಗಿ ಹುರಿದ ಮೀನು ಮೇಜಿಗೆ ತಲುಪಿದರೆ ಮುಳ್ಳು ಮಾತ್ರ ಉಳಿಯುತ್ತದೆ.

ಈ ರೆಫರಿಯ ವಿಷಯದಲ್ಲಿ ಸೌಟಣ್ಣನಿಗೆ ಬಹುಕಾಲದಿಂದ ಒಂದು ಬೆರಗು ಇತ್ತು. ಎದುರು ತಂಡದ ಅತ್ಯಂತ ಘಾಟಿ ಆಟಗಾರನೇ ರೆಫರಿ ಎಂದು ಅವನು ತಿಳಿದಿದ್ದ. ಯಾವ ತಂಡ ಎದುರಾದರೂ ಅವನು ಅದರಲ್ಲಿರುತ್ತಾನೆ, ಎಷ್ಟು ವರ್ಷವಾದರೂ ನಿವೃತ್ತನಾಗುವುದಿಲ್ಲ, ನಮ್ಮವರನ್ನು ಕೆಡವದೆ ಬಿಡುವುದಿಲ್ಲ. ಇಷ್ಟು ಕೆಟ್ಟವನನ್ನು ಎಲ್ಲರೂ ಏಕೆ ಸೇರಿಸಿಕೊಳ್ಳುತ್ತಾರೆಂದು ಒಮ್ಮೆ ಹೆಂಡತಿಯನ್ನು ಕೇಳಿದ್ದ. ಶಾಲೆಯ ಮಕ್ಕಳ ಚೀಲ ಹೊಲಿದು ಜೀವನದ ಅರ್ಧ ಭಾರ ಹೊತ್ತಿದ್ದ ಆಕೆ ಹೊಲಿಗೆಯಂತ್ರ ನಿಲ್ಲಿಸದೆಯೇ, ‘‘ಯಾರದೋ ಅಳಿಯ ಇರ್ಬೇಕು ಬಿಡಿ’’ ಎಂದಿದ್ದಳು. ಸೌಟಣ್ಣನಿಗೆ ಅದು ತಕ್ಷಣ ಒಪ್ಪಿಗೆಯಾಯಿತು.

ಒಪ್ಪಿಗೆಯಾಗಲು ಕಾರಣವಿತ್ತು. ಬಾರಿನ ಯಜಮಾನಿಗೂ ಒಬ್ಬ ಅಳಿಯನಿದ್ದ. ಮಾತು ಮೃದು, ಇಸ್ತ್ರಿ ಮಡಿಕೆ ಚೂಪು. ಮನುಷ್ಯ ಕೆಟ್ಟವನಲ್ಲ, ಆದರೆ ಗೋಡೆಗಳನ್ನು ಕಂಡರಾಗದು. ಅಡುಗೆಮನೆಯ ಗೋಡೆಯನ್ನು ಒಡೆದು ಹಜಾರವನ್ನು ಹಿಗ್ಗಿಸಬೇಕು, ಇನ್ನೂ ದೊಡ್ಡ ಪರದೆ ಹಾಕಬೇಕು, ತಿಂಡಿಯನ್ನು ಪೊಟ್ಟಣದಲ್ಲಿ ತರಿಸಿ ಬಿಸಿ ಮಾಡಿ ಕೊಟ್ಟರಾಯಿತು ಎಂಬುದು ಅವನ ಯೋಜನೆ. ಪಂದ್ಯದ ದಿನ ಜನಕ್ಕೆ ನಾಲಿಗೆಯೇ ಇರುವುದಿಲ್ಲ, ಹಲಗೆಯನ್ನು ಹುರಿದು ಕೊಟ್ಟರೂ ತಿನ್ನುತ್ತಾರೆ, ಒಳ್ಳೆಯದನ್ನು ಕೊಟ್ಟರೆ ಅರ್ಧ ಬಿಟ್ಟು ಏಳುತ್ತಾರೆ ಎಂದು ಅತ್ತೆಯ ಕಿವಿಯಲ್ಲಿ ಆರು ತಿಂಗಳು ಊದಿದ್ದ. ಯಜಮಾನಿ ಯಾರ ಮಾತನ್ನೂ ತೆಗೆದುಹಾಕುವವಳಲ್ಲ, ಯಾರ ಮಾತನ್ನೂ ಪೂರ್ತಿ ನಂಬುವವಳೂ ಅಲ್ಲ. ನವೆಂಬರ್ ೫ರ ಸೋಮವಾರ ಅಡುಗೆಮನೆಗೆ ಬಂದು, ಸೌಟಣ್ಣನೂ ಅಳಿಯನೂ ಇಬ್ಬರೂ ಎದುರಿಗಿರುವಾಗ ತೀರ್ಪು ಕೊಟ್ಟಳು.

‘‘ಫೈನಲ್ ದಿನ ನೋಡೋಣ. ತಟ್ಟೆ ಖಾಲಿಯಾಗಿ ವಾಪಸ್ ಬಂದ್ರೆ ಅಡುಗೆಮನೆ ಇರುತ್ತೆ. ತುಂಬಿದ್ದು ತುಂಬಿದ ಹಾಗೇ ಬಂದ್ರೆ ಒಂದನೇ ತಾರೀಖು ಗೋಡೆ ಹೋಗುತ್ತೆ. ಆಮೇಲೆ ಇಬ್ರೂ ನನ್ನ ಹತ್ರ ಮುಖ ಊದಿಸ್ಕೊಂಡು ಬರಬಾರದು.’’

ಗೋಡೆ ಹೋದರೆ ಸೌಟಣ್ಣನೂ ಹೋದಂತೆ. ಐವತ್ತಾರರ ವಯಸ್ಸಿನಲ್ಲಿ ಇನ್ನೊಂದು ಅಡುಗೆಮನೆ ಅವನನ್ನು ಕರೆಯುವುದು ಕನಸಿನ ಮಾತು. ಆದರೂ ಅವನು ಎದೆಗುಂದಲಿಲ್ಲ. ತನ್ನ ಕೈಯ ಮೇಲೆ ಎಷ್ಟು ಭರವಸೆಯಿತ್ತೋ ಕಿವಿಯ ಮೇಲೆ ಅದಕ್ಕಿಂತ ಒಂದು ಹಿಡಿ ಹೆಚ್ಚಿತ್ತು. ಪಂದ್ಯದ ಹಿಂದಿನ ದಿನ ಕಿವಿಯ ಡಾಕ್ಟರ ಬಳಿ ಹೋಗಿ, ತೊಂದರೆಯೇನೂ ಇಲ್ಲದಿದ್ದರೂ, ಎರಡೂ ಕಿವಿಗಳನ್ನು ತೊಳೆಸಿಕೊಂಡು ಬಂದ. ಅಂದು ರಾತ್ರಿ ಹೆಂಡತಿ ಪಕ್ಕದ ಕೋಣೆಯಲ್ಲಿ ಸೂಜಿಗೆ ದಾರ ಪೋಣಿಸುವುದೂ ತನಗೆ ಕೇಳಿಸುತ್ತಿದೆಯೆಂದು ಹೇಳಿ ಬೈಸಿಕೊಂಡ.

ಇತ್ತ ಹಜಾರದಲ್ಲಿ ನಡೆದಿದ್ದುದೇ ಬೇರೆ. ಕಿವಿ ಕೇಳಿಸದವರ ಕ್ರೀಡಾಭಿಮಾನಿ ಸಂಘವೆಂಬುದೊಂದು ಊರಿನಲ್ಲಿತ್ತು. ನಲವತ್ತು ಜನ ಸದಸ್ಯರು. ದೊಡ್ಡ ಪಂದ್ಯಗಳನ್ನು ತಮ್ಮದೇ ಕಟ್ಟಡದಲ್ಲಿ ಒಟ್ಟಿಗೆ ಕೂತು ನೋಡುವುದು ಅವರ ರೂಢಿ. ಆ ವರ್ಷ ಅವರ ಕಟ್ಟಡದ ಚಾವಣಿ ಸೋರಿ ದುರಸ್ತಿಗೆ ಬಿದ್ದಿದ್ದರಿಂದ ಅಂತಿಮ ಪಂದ್ಯಕ್ಕೆ ಬಾರಿನ ಹಜಾರವನ್ನು ಪೂರ್ತಿಯಾಗಿ ಕೇಳಿದರು, ಅಳಿಯ ಒಪ್ಪಿದ. ವಿಷಯವನ್ನು ಬರೆದು ಮುಂಬಾಗಿಲಿಗೆ ಅಂಟಿಸಿದ್ದೂ ಆಯಿತು. ಅಡುಗೆಯವನು ಹಿಂಬಾಗಿಲಿನ ಗಿರಾಕಿ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಅಳಿಯ ಹೇಳಿರುತ್ತಾನೆಂದು ಯಜಮಾನಿ ಎಣಿಸಿದಳು. ಅತ್ತೆ ಹೇಳಿರುತ್ತಾರೆಂದು ಅಳಿಯ ಎಣಿಸಿದ. ಉಳಿದವನು ಸಪ್ಲಯರ್. ಅವನು ಬಿದಿರುಗಳದಂತೆ ಎತ್ತರದ ಮನುಷ್ಯ. ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ ಕೊಡುವುದು, ಕೇಳದಿದ್ದರೆ ಬಾಯಿಗೆ ಬೀಗ ಹಾಕಿಕೊಳ್ಳುವುದು ಅವನ ಹುಟ್ಟುಗುಣ.

ನಾಲ್ಕು ಗಂಟೆಯಾಯಿತು. ಶಾಸ್ತ್ರದ ಪ್ರಕಾರ ಮೊದಲ ಸುತ್ತು, ಜನ ಕುರ್ಚಿ ಹಿಡಿದು ಕೂತೊಡನೆಯೇ ಹೋಗಬೇಕು. ಇಡಿಯಾಗಿ ಹುರಿದ ಕೋಳಿ, ಮೂಳೆಯ ಸಮೇತ ಬೇಯಿಸಿದ ಕುರಿಯ ತೊಡೆ, ಬೆಣ್ಣೆಯಲ್ಲಿ ಉರುಳಿಸಿದ ಆಲೂಗೆಡ್ಡೆ. ಎರಡು ಕೈ ಹಾಕಿ ಹರಿದು ತಿನ್ನುವಂಥವು. ಅದೇ ಅವುಗಳ ಸೊಗಸು ಎಂದು ಸೌಟಣ್ಣನ ನಂಬಿಕೆ. ಅವನ್ನೆಲ್ಲ ಕಳಿಸಿ, ಮೀನಿನ ಬಾಣಲೆಯ ಮುಂದೆ ನಿಂತು ಕಿವಿ ನಿಮಿರಿಸಿದ.

ಏನೂ ಕೇಳಿಸಲಿಲ್ಲ. ಎಣ್ಣೆ ಸಿಡಿಯುವುದು, ಕೊಳಾಯಿ ತೊಟ್ಟಿಕ್ಕುವುದು, ಹೊರಗೆ ಸೈಕಲ್ಲೊಂದರ ಬೆಲ್ಲು, ಎಲ್ಲವೂ ಹೊಸದಾಗಿ ತೊಳೆದ ಕಿವಿಗೆ ಗಂಟೆ ಬಾರಿಸಿದಂತೆ ಕೇಳುತ್ತಿದ್ದವು. ಹಜಾರ ಮಾತ್ರ ಉಸಿರೆತ್ತಲಿಲ್ಲ. ಬರಿದಾದ ಟ್ರೇ ಹಿಡಿದು ಬಂದ ಸಪ್ಲಯರನನ್ನು ಅಡ್ಡಗಟ್ಟಿ ಕೇಳಿದ.

‘‘ಜನ ಬಂದಿದ್ದಾರೇನೋ?’’

‘‘ಬಂದಿದ್ದಾರೆ.’’

‘‘ಆಟ ಶುರುವಾಯ್ತಾ?’’

‘‘ಆಯ್ತು.’’

‘‘ಮತ್ತೆ ಟೀವಿ ಸದ್ದೇ ಇಲ್ಲ?’’

‘‘ಸೌಂಡ್ ತೆಗೆದಿದ್ದಾರೆ.’’

‘‘ಯಾಕೆ?’’

‘‘ಬೇಡವಂತೆ.’’

ಟೀವಿಯ ಸದ್ದೇ ಬೇಡವೆನ್ನುವ ಪ್ರೇಕ್ಷಕರನ್ನು ಸೌಟಣ್ಣ ಕಂಡಿರಲಿಲ್ಲ, ಅಂದರೆ ಕೇಳಿರಲಿಲ್ಲ. ಯಾರೋ ಹಿರಿಯರು ತೀರಿಕೊಂಡಿರಬೇಕೆಂದುಕೊಂಡ. ತಲೆಯ ಮೇಲಿನ ಟೊಪ್ಪಿಗೆ ತೆಗೆದು, ಸತ್ತವರು ಯಾರೆಂದು ತಿಳಿಯದೆಯೇ ಒಂದು ನಿಮಿಷ ಕಣ್ಣು ಮುಚ್ಚಿ ನಿಂತ. ಅಷ್ಟರಲ್ಲಿ ಬಾಣಲೆಯ ಒಂದು ಮೀನು ಕರಿಕಲಾಯಿತು. ಮೀನು ಸೀದದ್ದು ಅವನ ಅಲ್ಲಿಯ ಜೀವಮಾನದಲ್ಲಿ ಅದೇ ಮೊದಲು.

ಮುಂದಿನದು ಇನ್ನೂ ಘೋರ. ಮೊದಲ ಸುತ್ತಿನ ತಟ್ಟೆಗಳು ಹಿಂದಿರುಗಿ ಬಂದವು. ಅತ್ತೆಯ ಕಣ್ಣಿಗೆ ಬೀಳಲೆಂದು ಅಳಿಯ ಅವನ್ನು ತೂಗುಬಾಗಿಲಿನ ಪಕ್ಕದ ಕಟ್ಟೆಯ ಮೇಲೆ ಸಾಲಾಗಿ ಇಡಿಸಿದ್ದ. ಕೋಳಿಗಳು ಇಡಿಯಾಗಿ ಹೋದವು ಇಡಿಯಾಗಿಯೇ ಬಂದಿದ್ದವು. ಒಂದು ಕಾಲಿನ ಮೇಲೆ ಹಲ್ಲಿನ ಗುರುತು ಇತ್ತು, ಅಷ್ಟೆ. ಯಾರೋ ಕಚ್ಚಿ, ಮನಸ್ಸು ಬದಲಾಯಿಸಿದಂತೆ. ಸೌಟಣ್ಣ ಒಂದೊಂದು ತಟ್ಟೆಯಿಂದಲೂ ಚೂರು ಕಿತ್ತು ಬಾಯಿಗೆ ಹಾಕಿಕೊಂಡ. ಉಪ್ಪು ಸರಿಯಿತ್ತು, ಹದ ಸರಿಯಿತ್ತು. ಎಲ್ಲವೂ ಸರಿಯಿದ್ದುದರಿಂದಲೇ ಇನ್ನೊಂದು ಚೂರು ಕಿತ್ತು ಮತ್ತೆ ರುಚಿ ನೋಡಿದ.

ಆಗ ಸದ್ದು ಕೇಳಿಸಿತು. ದುಪ್. ದುಪ್ ದುಪ್. ನೆಲ ಅದುರಿತು. ಗೋಡೆಗೆ ನೇತುಹಾಕಿದ್ದ ಜಾಲರಿ ಸೌಟುಗಳು ಒಂದಕ್ಕೊಂದು ತಾಗಿ ಕಿಣಿಕಿಣಿಗುಟ್ಟಿದವು. ಗೋಡೆ ಒಡೆಯುತ್ತಿದ್ದಾರೆಂದುಕೊಂಡ ಸೌಟಣ್ಣ. ಒಂದನೇ ತಾರೀಖಿಗೆ ಎಂದಿದ್ದರು. ತಟ್ಟೆಗಳನ್ನು ನೋಡಿ ಇಂದೇ ಹಾರೆ ಎತ್ತಿಬಿಟ್ಟರೆ? ಅವನು ಎಣ್ಣೆಯ ಕೆಳಗಿನ ಉರಿ ಆರಿಸಿದ. ಇಷ್ಟು ವರ್ಷದಲ್ಲಿ ಪಂದ್ಯದ ನಡುವೆ ಅವನು ಒಲೆ ಆರಿಸಿರಲಿಲ್ಲ. ಸೌಟನ್ನು ಗದೆಯಂತೆ ಹೆಗಲಿಗೇರಿಸಿ, ತೂಗುಬಾಗಿಲನ್ನು ಹೊಟ್ಟೆಯಿಂದಲೇ ತಳ್ಳಿಕೊಂಡು ಹಜಾರಕ್ಕೆ ನುಗ್ಗಿ, ಯಾರಾದರೂ ಇನ್ನೊಂದು ಏಟು ಹಾಕಿದರೆ ನೋಡಿ ಎಂದು ಗುಡುಗಿದ.

ಯಾರೂ ತಿರುಗಿ ನೋಡಲಿಲ್ಲ. ಗೋಡೆ ನೆಟ್ಟಗೆ ನಿಂತಿತ್ತು. ಹಜಾರದ ತುಂಬ ಕೈಗಳು ಹಾರಾಡುತ್ತಿದ್ದವು. ಎಂಬತ್ತು ಕೈಗಳು ಗಾಳಿಯನ್ನು ಕತ್ತರಿಸಿ, ಹಿಂಡಿ, ಮಡಿಸಿ, ಎದುರಿನವರ ಮುಖಕ್ಕೆ ಎಸೆಯುತ್ತಿದ್ದವು. ಜಗಳ ಭರದಿಂದ ನಡೆದಿತ್ತು. ಹಸಿರಿನವರು ಒಂದು ಕಡೆ, ಬಿಳಿಯವರು ಒಂದು ಕಡೆ. ಯಾರಿಗಾದರೂ ಹಿಂದಿನ ಸಾಲಿನವನ ಗಮನ ಸೆಳೆಯಬೇಕಾದರೆ ನೆಲಕ್ಕೆ ಕಾಲಿನಿಂದ ಗುದ್ದುತ್ತಿದ್ದರು. ಅದುರಿದ ಹಲಗೆ ಸುದ್ದಿ ಮುಟ್ಟಿಸುತ್ತಿತ್ತು. ಒಡೆಯುವ ಸದ್ದೆಂದು ಅವನು ಕೇಳಿದ್ದು ಅದನ್ನೇ.

ಗಲ್ಲಾದ ಹಿಂದೆ ಕೂತಿದ್ದ ಯಜಮಾನಿ ಅವನ ಸೌಟನ್ನೂ ಮುಖವನ್ನೂ ನೋಡಿದಳು. ‘‘ನಿಮಗೆ ಯಾರೂ ಹೇಳ್ಲಿಲ್ವಾ?’’ ಎಂದು ಕೇಳಿ, ಅಳಿಯನ ಕಡೆ ತಿರುಗಿದಳು. ಅಳಿಯ ಸಪ್ಲಯರನ ಕಡೆ ತಿರುಗಿದ. ಸಪ್ಲಯರ್ ತನ್ನನ್ನು ಯಾರೂ ಕೇಳಲಿಲ್ಲವೆಂದು ತಿಳಿಸಿದ.

ಮುಂದಿನ ಸಾಲಿನಿಂದ ಸಂಘದ ಕಾರ್ಯದರ್ಶಿ ಎದ್ದು ಬಂದಳು. ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವ ಕೆಲಸ. ಮಾತು ಕಲಿತಾದ ಮೇಲೆ, ಎಂಟನೆಯ ವಯಸ್ಸಿನಲ್ಲಿ, ಜ್ವರ ಬಂದು ಕಿವಿ ಹೋದದ್ದರಿಂದ ಬಾಯಿಮಾತೂ ಉಳಿದಿತ್ತು, ತುಟಿ ನೋಡಿ ಎದುರಿನವರ ಮಾತನ್ನೂ ತಿಳಿಯಬಲ್ಲವಳಾಗಿದ್ದಳು. ಊಟ ರುಚಿಸಲಿಲ್ಲವೇ ಎಂದು ಸೌಟಣ್ಣ ಕೇಳಿದ. ಪ್ರಶ್ನೆಯೊಳಗಿನ ಅಳು ಅವಳಿಗೆ ಕೇಳಿಸದಿದ್ದರೂ ಕಾಣಿಸಿತು.

‘‘ಅಯ್ಯೋ, ಹೊಟ್ಟೆ ಹಸಿದು ಸಾಯ್ತಾ ಇದ್ದೀವಿ ಅಣ್ಣಾ. ಕೈಗೆ ಬಿಡುವಿಲ್ಲ’’ ಎಂದು ಅವಳು ಪಕ್ಕದ ಗಡಿಯಾರ ರಿಪೇರಿಯವನನ್ನು ತೋರಿಸಿದಳು. ‘‘ಇವರು ನಮ್ಮ ಭಾವ. ಬಿಳಿ ಕಡೆ. ನಾನು ಕೋಳಿಗೆ ಎರಡೂ ಕೈ ಹಾಕೋದನ್ನೇ ಕಾಯ್ತಾರೆ. ಹಾಕಿದ ತಕ್ಷಣ ನಮ್ಮ ಗೋಲ್‌ಕೀಪರ್‌ನ ಬೈತಾರೆ. ನಾನು ಸುಮ್ನೆ ಇರ್ಲಾ? ಕೋಳಿ ಕೆಳಗಿಟ್ಟು ಉತ್ತರ ಕೊಡ್ಲೇಬೇಕು.’’

ಭಾವ ತನಗೇನೂ ತಿಳಿಯದವನಂತೆ ಚಾವಣಿ ನೋಡಿದ. ಅವಳು ಪ್ರಯೋಗಕ್ಕೆಂದು ಮೇಜಿನ ಮೇಲೆ ಉಳಿದಿದ್ದ ಕುರಿಯ ತೊಡೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಭಾವನ ಕೈಗಳು ತಕ್ಷಣ ಚುರುಕಾಗಿ ಹಾರಿ, ಒಂದು ದಪ್ಪ ಎಮ್ಮೆ ಚೆಂಡಿನ ಹಿಂದೆ ಓಡಿ ಬೀಳುವುದನ್ನು ಅಭಿನಯಿಸಿದವು. ಕೈಭಾಷೆ ಬಾರದ ಸೌಟಣ್ಣನಿಗೂ ಅದು ಹಸಿರು ತಂಡದ ಗೋಲ್‌ಕೀಪರನೆಂದು ಅರ್ಥವಾಯಿತು. ತೊಡೆ ತಟ್ಟೆಗೆ ಬಿತ್ತು. ಅವಳು ಉತ್ತರ ಕೊಡಲು ಹೊರಟಳು.

ಅವನಿಗೆ ಒಮ್ಮೆಗೇ ಎಲ್ಲವೂ ತಿಳಿಯಿತು. ಅವನ ಹಳೆಯ ಗಿರಾಕಿಗಳು ಬಾಯಿಂದ ಬೈದು, ಕೈಯಿಂದ ತಿನ್ನುತ್ತಿದ್ದರು. ಇವರಿಗೆ ಬೈಯುವುದಕ್ಕೂ ಕೈಯೇ, ಹರಿಯುವುದಕ್ಕೂ ಕೈಯೇ. ಆದರೆ ಬಾಯಿ ಮಾತ್ರ ಪೂರ್ತಿ ಬಿಡುವಾಗಿತ್ತು. ಇಂಥ ವಿಶಾಲವಾದ ಬಿಡುವನ್ನು ಯಾವ ಅಡುಗೆಯವನೂ ಕಂಡಿರಲಾರ. ತುತ್ತು ಹೇಗಾದರೂ ಕ್ಷಣಮಾತ್ರದಲ್ಲಿ ಒಳಗೆ ಸೇರಿಬಿಟ್ಟರೆ ಸಾಕು. ಅಗಿಯುತ್ತಲೇ ಜಗಳವಾಡಬಹುದು, ಎದುರಿನವನ ಅಂಗಿಗೆ ಚೂರೊಂದೂ ಸಿಡಿಯುವುದಿಲ್ಲ.

ಅಷ್ಟರಲ್ಲಿ ಮಧ್ಯಂತರವಾಯಿತು. ಇಬ್ಬರಿಗೂ ಗೋಲಿಲ್ಲ. ಪರದೆಯ ಮೇಲೆ ಒಬ್ಬ ಕಪ್ಪಂಗಿಯವನು ಸೀಟಿ ಕಚ್ಚಿಕೊಂಡು ಹೋಗುತ್ತಿದ್ದುದನ್ನು ಸೌಟಣ್ಣ ಕಂಡ. ಯಾರೆಂದು ಕಾರ್ಯದರ್ಶಿಯನ್ನು ಕೇಳಿದ. ರೆಫರಿ ಎಂದಳು.

‘‘ಇವನೇನಾ! ಯಾವ ಕಡೆಯವನು?’’

‘‘ಯಾವ ಕಡೆಯೂ ಅಲ್ಲ. ಅವನು ಆಡೋದೇ ಇಲ್ಲ, ಅಣ್ಣಾ.’’

ಸೌಟಣ್ಣ ಒಂದು ಕ್ಷಣ ಕುರ್ಚಿ ಹಿಡಿದುಕೊಂಡ. ಇಷ್ಟು ವರ್ಷ ಇಷ್ಟು ಬೈಗುಳ ತಿಂದವನು ಚೆಂಡನ್ನೇ ಮುಟ್ಟಿಲ್ಲವೆಂಬುದು ಅವನಿಗೆ ಬಹಳ ಕೆಡುಕೆನಿಸಿತು. ಆದರೆ ಮರುಗಲು ಪುರುಸೊತ್ತಿರಲಿಲ್ಲ. ಕಾರ್ಯದರ್ಶಿ ಎಲ್ಲರ ಗಮನ ಸೆಳೆದು, ಅಡುಗೆ ಮಾಡಿದವರು ಇವರೇ ಎಂದು ಸಂಜ್ಞೆಯಲ್ಲಿ ಪರಿಚಯಿಸಿದಾಗ ನಲವತ್ತು ಜನರೂ ಎರಡೂ ಕೈ ಮೇಲೆತ್ತಿ ಬೆರಳುಗಳನ್ನು ಅರಳಿಸಿ ಆಡಿಸಿದರು. ಅದು ಅವರ ಚಪ್ಪಾಳೆಯೆಂದು ಅವಳು ತಿಳಿಸಿಕೊಟ್ಟಳು. ಜನ್ಮದಲ್ಲಿ ಮೊದಲ ಬಾರಿಗೆ ಚಪ್ಪಾಳೆ ಪಡೆದ ಸೌಟಣ್ಣ, ಸೊಂಟ ಬಗ್ಗಿಸಿ ವಂದಿಸಿ, ಕಿವಿಯವರೆಗೂ ಕೆಂಪಾಗಿ ಅಡುಗೆಮನೆಗೆ ಓಡಿದ.

ಮಧ್ಯಂತರದ ಹೊತ್ತಿನಲ್ಲಿ ಆ ಅಡುಗೆಮನೆಯಲ್ಲಿ ನಡೆದದ್ದು ಯುದ್ಧಕ್ಕೆ ಕಡಿಮೆಯೇನಲ್ಲ. ಕೋಳಿಗಳ ಮೈಯಿಂದ ಮಾಂಸ ಬಿಡಿಸಿ, ಹಿಟ್ಟಿನಲ್ಲಿ ಅದ್ದಿ, ಬಾಯಳತೆಗೆ ಉಂಡೆಮಾಡಿ ಎಣ್ಣೆಗಿಟ್ಟ. ಮೀನನ್ನು ಹೆಬ್ಬೆರಳಿನ ಗಾತ್ರಕ್ಕೆ ಕೊಯ್ದ. ಕುರಿಯ ಮಾಂಸದ ಚೂರೂ ಆಲೂಗೆಡ್ಡೆಯ ಚೂರೂ ಒಂದರ ಮೇಲೊಂದು ಕೂರಿಸಿದ. ಹಲ್ಲುಕಡ್ಡಿಯ ಡಬ್ಬಿಗಳನ್ನೆಲ್ಲ ತರಿಸಿ ಪ್ರತಿಯೊಂದಕ್ಕೂ ಒಂದು ಕಡ್ಡಿ ಚುಚ್ಚಿದ. ಸಪ್ಲಯರ್ ಎಂದೂ ತಾನಾಗಿ ಮಾತಾಡದವನು ಅಂದು ಬಾಯಿ ಬಿಟ್ಟು, ‘‘ಇದು ಮುಳ್ಳುಹಂದಿ ಥರ ಇದೆ’’ ಎಂದ. ಸೌಟಣ್ಣ ಅದನ್ನು ಹೊಗಳಿಕೆಯೆಂದೇ ಸ್ವೀಕರಿಸಿದ.

ಉಪಾಯ ಫಲಿಸಿತು. ದ್ವಿತೀಯಾರ್ಧ ಆರಂಭವಾದ ಮೇಲೆ ಹಜಾರದಲ್ಲಿ ಕಂಡ ದೃಶ್ಯ ಹಿಂದೆಂದೂ ಯಾರೂ ಕಾಣದ್ದು. ಒಂದು ಕೈ ಮಿಂಚಿನಂತೆ ತಟ್ಟೆಗೆ ಹೋಗಿ, ಕಡ್ಡಿ ಎತ್ತಿ, ತುತ್ತನ್ನು ಬಾಯಿಗೆ ಎಳೆದು, ವಾಕ್ಯದ ನಡುವಿಗೆ ಸರಿಯಾಗಿ ಹಿಂದಿರುಗುತ್ತಿತ್ತು. ಕೆನ್ನೆಗಳು ಉಬ್ಬಿಕೊಂಡಿದ್ದವು, ದವಡೆಗಳು ಆಡುತ್ತಿದ್ದವು, ಬೈಗುಳಕ್ಕೆ ಮಾತ್ರ ಎಳ್ಳಷ್ಟೂ ಅಡ್ಡಿಯಿರಲಿಲ್ಲ. ಕೆಲವರು ಕಡ್ಡಿಯನ್ನು ಬೆರಳಲ್ಲೇ ಉಳಿಸಿಕೊಂಡು ಮಾತಾಡತೊಡಗಿದ್ದರಿಂದ ಮಾತಿಗೆ ಮೊನೆಯೂ ಬಂದಿತ್ತು. ಗಡಿಯಾರ ರಿಪೇರಿಯ ಭಾವ ಎರಡು ಬಾರಿ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ. ಮೊದಲ ತಟ್ಟೆಗಳು ಖಾಲಿಯಾಗಿ ಬಂದವು. ಅಳಿಯ ಅವನ್ನು ಓರೆಮಾಡಿ, ಬೆಳಕಿಗೆ ಹಿಡಿದು ನೋಡಿದ.

ಆದರೆ ಇನ್ನೂ ಒಂದು ದೊಡ್ಡ ಟ್ರೇಯಷ್ಟು ಉಳಿದಿತ್ತು. ಮುಂದಿನ ಸಾಲಿನ ಮೇಜುಗಳು ಬರಿದಾಗಿರುವುದನ್ನು ತೂಗುಬಾಗಿಲಿನ ಸಂದಿಯಿಂದ ಕಂಡ ಸೌಟಣ್ಣನಿಗೆ ಸಪ್ಲಯರ್ ಬರುವವರೆಗೆ ಕಾಯುವಷ್ಟು ತಾಳ್ಮೆ ಉಳಿಯಲಿಲ್ಲ. ತಾನೇ ಟ್ರೇ ಎತ್ತಿಕೊಂಡು, ಹಜಾರದಲ್ಲಿ ಯಾವ ದಾರಿ ಹಿಡಿಯಬೇಕೆಂಬ ಅಭ್ಯಾಸವಿಲ್ಲದ್ದರಿಂದ, ಅತ್ಯಂತ ಹತ್ತಿರದ ದಾರಿ ಹಿಡಿದ. ಅದು ಟೀವಿಯ ಮುಂದಿನಿಂದ ಹೋಗುತ್ತಿತ್ತು.

ಆಟ ಮುಗಿಯುವುದಕ್ಕೆ ಕೆಲವೇ ನಿಮಿಷಗಳಿದ್ದವು. ಹಸಿರಂಗಿಯವನೊಬ್ಬ ಚೆಂಡನ್ನು ಎಳೆದುಕೊಂಡು ಗೋಲಿನ ಬಾಯಿಗೆ ಬಂದಿದ್ದ. ಆ ಗಳಿಗೆಗೆ ಸರಿಯಾಗಿ ಸೌಟಣ್ಣ ಪರದೆಯ ಮಧ್ಯಕ್ಕೆ ಬಂದ. ಅವನ ಮೈ ಪರದೆಗೆ ಹೊಲಿಸಿದಂತೆ ಒಪ್ಪಿತು. ಇಕ್ಕೆಲದಲ್ಲೂ ಒಂದಿಷ್ಟು ಹುಲ್ಲು ಮಾತ್ರ ಕಾಣುತ್ತಿತ್ತು. ನಲವತ್ತು ಜನರೂ ದಡಕ್ಕನೆ ಎದ್ದು, ಎರಡೂ ಕೈ ಮೇಲೆತ್ತಿ, ಪಕ್ಕಕ್ಕೆ ಸರಿಯಿರೆಂದು ಬೀಸಿದರು.

ಚಪ್ಪಾಳೆ. ಸೌಟಣ್ಣನ ಕಣ್ಣು ತುಂಬಿ ಬಂತು. ಟ್ರೇ ಅಲುಗದಂತೆ ಹಿಡಿದು, ಸೊಂಟ ಬಗ್ಗಿಸಿ ನಡುವಿನವರಿಗೆ ವಂದಿಸಿದ. ಅವನ ಬೆನ್ನ ಹಿಂದೆ ಗೋಲಾಯಿತು. ಕೈಗಳು ಇನ್ನಷ್ಟು ರಭಸದಿಂದ ಬೀಸಿದವು. ಎಡಗಡೆಯವರಿಗೆ ಬೇಸರವಾಗಬಾರದೆಂದು ಎಡಕ್ಕೆ ತಿರುಗಿ ವಂದಿಸಿದ; ಟೀವಿಯವರು ಗೋಲನ್ನು ಮತ್ತೊಮ್ಮೆ ತೋರಿಸಿದರು. ಬಲಕ್ಕೆ ತಿರುಗಿದ, ನಿಧಾನಗತಿಯಲ್ಲಿ ಇನ್ನೊಮ್ಮೆ ತೋರಿಸಿದರು. ಕಾರ್ಯದರ್ಶಿ ಅವನು ಸೊಂಟಕ್ಕೆ ಕಟ್ಟಿದ್ದ ಏಪ್ರನ್ ಹಿಡಿದು ಎಳೆದದ್ದು ಆಮೇಲೆ.

‘‘ಅಣ್ಣಾ, ನೀವೇನು ಗಾಜಾ?’’

ಪರದೆಯ ಮೂಲೆಯಲ್ಲಿ ಹಸಿರಿಗೆ ಒಂದು, ಬಿಳಿಗೆ ಸೊನ್ನೆ ಎಂದಿತ್ತು. ಹಜಾರದಲ್ಲಿ ಮೊದಲ ಬಾರಿಗೆ ಕೈಗಳೂ ಸ್ತಬ್ಧವಾದವು. ಆಗಿರುವುದೇನೆಂದು ಅರಿವಾದಾಗ ಸೌಟಣ್ಣ ಟ್ರೇಯನ್ನು ಮುಂದಿನ ಸಾಲಿನ ಮೇಜಿನ ಮೇಲೆ ಇಳಿಸಿದ. ಇವರು ಈಗ ಎದ್ದು ಹೋಗುತ್ತಾರೆ, ಟ್ರೇ ತುಂಬಿದ್ದು ತುಂಬಿದ ಹಾಗೇ ಉಳಿಯುತ್ತದೆ, ಗೋಡೆ ಹೋಗುತ್ತದೆ. ಅಳಿಯ ಇಸ್ತ್ರಿ ಕಾಲರನ್ನು ಸರಿಮಾಡಿಕೊಂಡು ಅತ್ತೆಯ ಕಡೆ ನೋಡಿದ.

ಗೋಲು ಹೇಗಾಯಿತೆಂಬುದನ್ನು ಕಂಡವರು ಯಾರಾದರೂ ಇದ್ದಾರೆಯೇ ಎಂಬ ಹುಡುಕಾಟ ನಡೆಯಿತು. ಯಜಮಾನಿ ತಟ್ಟೆಗಳನ್ನು ನೋಡುತ್ತಿದ್ದಳು. ಅಳಿಯ ಯಜಮಾನಿಯನ್ನು ನೋಡುತ್ತಿದ್ದ. ಪಕ್ಕದ ಕಂಬದ ಬಳಿ, ಪರದೆ ಓರೆಯಾಗಿ ಕಾಣುವಲ್ಲಿ ನಿಂತಿದ್ದ ಸಪ್ಲಯರ್ ಒಬ್ಬನೇ ಸಾಕ್ಷಿ. ನಲವತ್ತು ಜನ ಅವನನ್ನು ಸುತ್ತುಗಟ್ಟಿದರು. ಗೋಲು ಹೇಗೆ ಹೋಯಿತೆಂದು ಕಾರ್ಯದರ್ಶಿ ಕೇಳಿ, ಅವನ ತುಟಿಗಳನ್ನೇ ಕಣ್ಣಲ್ಲಿ ಕಣ್ಣಿಟ್ಟು ಕಾದಳು.

ಸಪ್ಲಯರ್ ಚೆನ್ನಾಗಿ ಯೋಚಿಸಿದ. ‘‘ಒಳಗೆ ಹೋಯ್ತು’’ ಎಂದ.

ಇದರಿಂದ ಒದಗಿದ ಪರಿಸ್ಥಿತಿ ವಿಚಿತ್ರವಾಗಿತ್ತು. ಆಟದ ಒಂದೇ ಒಂದು ಗೋಲು, ಅದನ್ನು ಕಂಡವರಿಲ್ಲ. ಒದ್ದವನು ಎಡಗಾಲಿನವನೋ ಬಲಗಾಲಿನವನೋ, ಗೋಲ್‌ಕೀಪರ್ ಮಲಗಿದ್ದನೋ ಹಾರಿದ್ದನೋ, ರೆಫರಿ ಕುರುಡನೋ ಅಲ್ಲವೋ, ಒಂದೂ ಗೊತ್ತಿಲ್ಲ. ಹೊಗಳುವಂತಿಲ್ಲ, ಹಂಗಿಸುವಂತಿಲ್ಲ. ಭಾವ ಏನೋ ಹೇಳಲೆಂದು ಕೈ ಎತ್ತಿ, ಹೇಳಲು ಏನೂ ಇಲ್ಲದೆ ಹಾಗೆಯೇ ಇಳಿಸಿದ. ಇಳಿದ ಕೈ ಮುಳ್ಳುಹಂದಿಯಂಥ ಟ್ರೇಯ ಮೇಲೆ ಬಿತ್ತು. ಬಿದ್ದದ್ದು ಬರಿದೇ ಹಿಂದಿರುಗಲಿಲ್ಲ. ಅವನನ್ನು ನೋಡಿ ನಾದಿನಿಯೂ ಒಂದು ಕಡ್ಡಿ ಎತ್ತಿದಳು. ಮಾತಿಲ್ಲದ ಕೈಗಳಿಗೆ ಬೇರೆ ಕೆಲಸವೇ ಇರಲಿಲ್ಲ. ಆಟದ ಕೊನೆಯ ನಿಮಿಷಗಳಲ್ಲಿ ಬಿಳಿಯಂಗಿಯವರು ಎಷ್ಟೇ ಒದ್ದಾಡಿದರೂ ಗೋಲಾಗಲಿಲ್ಲ. ಇಡೀ ಹಜಾರ ಮುಖ ಗಂಟಿಕ್ಕಿಕೊಂಡು, ಸೌಟಣ್ಣನನ್ನು ದುರುಗುಟ್ಟಿ ನೋಡುತ್ತ, ಅವನು ಮಾಡಿದ್ದನ್ನೇ ಚೂರೂ ಬಿಡದೆ ತಿಂದಿತು. ಅಂತಿಮ ಸೀಟಿಯ ಬಳಿಕ ಟೀವಿಯವರು ಗೋಲನ್ನು ಮತ್ತೆ ತೋರಿಸಿದಾಗ ಎಂಬತ್ತು ಕೈಗಳೂ ಒಮ್ಮೆಗೇ ಹಾರಿ ಜಗಳ ಸುಸೂತ್ರವಾಗಿ ಶುರುವಾಯಿತು. ಅಷ್ಟು ಹೊತ್ತಿಗೆ ತಟ್ಟೆಗಳು ಕಟ್ಟೆಯ ಮೇಲಿದ್ದವು.

ಯಜಮಾನಿ ಎದ್ದು ಬಂದು ಸಾಲಿನುದ್ದಕ್ಕೂ ನಡೆದಳು. ಬರೀ ಕಡ್ಡಿ. ಕೊನೆಯದರಲ್ಲಿ ಒಂದು ಮೀನಿನ ತುಂಡು ಉಳಿದಿತ್ತು. ಅಳಿಯ ಬೆರಳು ಮಾಡಿ ತೋರಿಸಿದ. ಒಂದು ಉಳಿದರೂ ಉಳಿದದ್ದೇ ಅಲ್ಲವೇ ಎಂದು ವಿನಯದಿಂದಲೇ ಕೇಳಿದ. ಸೌಟಣ್ಣ ಗೋಡೆಗೆ ಒರಗಿಕೊಂಡ. ಯಜಮಾನಿ ತಟ್ಟೆಯನ್ನು ನೋಡಿದಳು, ಅಳಿಯನ ತುಟಿಯ ಅಂಚಿನಲ್ಲಿ ಅಂಟಿದ್ದ ಹಿಟ್ಟಿನ ಚೂರನ್ನೂ ನೋಡಿದಳು.

‘‘ಅಳಿಯಂದ್ರೇ, ಅದು ನಿಮ್ಮ ತಟ್ಟೆ. ನಿಂತ್ಕೊಂಡು ತಿಂತಾ ಇದ್ರಲ್ಲ. ಮುಗ್ಸಿ.’’

ಅಳಿಯ ಮುಗಿಸಿದ. ಅಗಿಯುವಾಗ ಅವನ ಮುಖ ಸ್ವಲ್ಪ ಸಡಿಲವಾದುದನ್ನು ಸೌಟಣ್ಣ ಗಮನಿಸಿದ. ಸೌಟನ್ನು ಕಂಕುಳಿಂದ ಕೈಗೆ ತೆಗೆದುಕೊಂಡು ಒಲೆ ಹಚ್ಚಲು ಒಳಗೆ ಹೋದ.

೨೦೦೭ರ ಡಿಸೆಂಬರ್ ೧, ಶನಿವಾರ, ಗೋಡೆಯನ್ನು ಒಡೆಯಲಿಲ್ಲ. ಅದರ ಬದಲು, ಸೌಟಣ್ಣನಿಗೂ ಆಟ ಕಾಣಿಸಲೆಂದು ಯಜಮಾನಿ ಅದರಲ್ಲಿ ಒಂದು ಸಣ್ಣ ಕಿಟಕಿ ಕೊರೆಸಿದಳು. ಕಿಟಕಿಯಿಂದ ಅವನು ನೋಡಿದ ಮೊದಲ ಮೂರು ಪಂದ್ಯಗಳಲ್ಲಿ ಮೂರು ಬಾಣಲೆ ಆಲೂಗೆಡ್ಡೆ ಸೀದುಹೋದ ಕಾರಣ, ೨೦೦೮ರ ಫೆಬ್ರವರಿ ೩, ಭಾನುವಾರ, ಅದಕ್ಕೆ ಹಲಗೆಯ ಮುಚ್ಚಳ ಹಾಕಿ, ಚಿಲಕವನ್ನು ಹಜಾರದ ಕಡೆಗೆ ಇರಿಸಲಾಯಿತು. ಸಂಘದ ಕಟ್ಟಡದ ಚಾವಣಿ ಅದೇ ವರ್ಷದ ಏಪ್ರಿಲ್‌ನಲ್ಲಿ ದುರಸ್ತಿಯಾಯಿತು. ಸದಸ್ಯರು ಮಾತ್ರ ಪ್ರತಿವರ್ಷದ ಅಂತಿಮ ಪಂದ್ಯಕ್ಕೂ ಬಾರಿಗೇ ಬರುತ್ತಾರೆ, ಅಡುಗೆಯವನು ಪಂದ್ಯ ಮುಗಿಯುವವರೆಗೆ ಹಜಾರಕ್ಕೆ ಬರತಕ್ಕದ್ದಲ್ಲವೆಂಬ ಷರತ್ತಿನ ಮೇಲೆ. ಅಳಿಯ ಎರಡು ಬೀದಿ ಆಚೆ ಇನ್ನೊಂದು ಬಾರು ತೆರೆದ. ಅದಕ್ಕೆ ಎರಡು ಗೋಡೆಗಳು ಕಡಿಮೆ. ಸೌಟಣ್ಣ ೨೦೧೬ರ ಏಪ್ರಿಲ್ ೩೦, ಶನಿವಾರ, ನಿವೃತ್ತನಾದ. ಈಗ ಅವನು ಹೆಂಡತಿಯೊಂದಿಗೆ ಶಾಲೆಯ ಚೀಲಗಳಿಗೆ ಗುಂಡಿ ಹಾಕುತ್ತಾನೆ, ಪಂದ್ಯದ ದಿನ ಪಕ್ಕದ ಮನೆಯ ಗೋಡೆಗೆ ಕಿವಿ ಕೊಟ್ಟು ಕೂರುತ್ತಾನೆ.